ಬಲತೋಳಿನ ರಕ್ತ

“ಬಲಗೈ ಬ್ಯಾಡ ಕಣಕ್ಕ. ಎಡಗೈನಾಗೇ ತಕ್ಕೊ.”

ಮತ್ತಿಗಿರಿಯ ಆ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಸುಧಾ, ತಮ್ಮನ ಮಾತಿಗೆ ತಲೆಯೆತ್ತಲಿಲ್ಲ. ರಕ್ತದ ಕ್ರಿಮಿ ಬೆಳೆಸಿ ನೋಡುವ ಮೊದಲ ಶೀಶೆಗೆ ಅವನ ಎಡಗೈಯಿಂದ ರಕ್ತ ತೆಗೆದು, ಸಮಯ ಬರೆದು, ಅರ್ಧ ಗಂಟೆ ಕಾದಿದ್ದಳು. ಎರಡನೆಯದು ಬೇರೆ ಜಾಗದಿಂದ ಬರಬೇಕು, ಅದು ನಿಯಮ. ನಿಯಮ ತಪ್ಪಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ತಿಲಕನ ಜ್ವರಕ್ಕೆ ಇಂದು ಇಪ್ಪತ್ತನೆಯ ದಿನ. ಮೈ ಬಿಸಿಯಾದಾಗಲೆಲ್ಲ ತಾಯಿ ಆದಿಲಕ್ಷ್ಮಮ್ಮ ಮೆಡಿಕಲ್ ಶಾಪಿನಿಂದ ‘ಒಂದು ಸೆಟ್ಟು’ ತಂದು ನುಂಗಿಸುತ್ತಿದ್ದರು: ಕಾಗದದ ಪೊಟ್ಟಣದಲ್ಲಿ ನಾಲ್ಕು ಬಣ್ಣದ ನಾಲ್ಕು ಮಾತ್ರೆ, ಯಾವುದಕ್ಕೂ ಹೆಸರಿಲ್ಲ. ಜ್ವರ ಎರಡು ದಿನ ಅಡಗಿ, ಮೂರನೆಯ ದಿನ ನಡುಗಿಸುತ್ತ ಏಳುತ್ತಿತ್ತು. ಬೆಳಿಗ್ಗೆ ಡಾಕ್ಟರ್ ಚಂದ್ರಲೇಖಾ ಅವನ ಎದೆಬಡಿತದ ನಡುವೆ ಬೇರೊಂದು ಸದ್ದು ಕೇಳಿ, “ಸೂಜಿ ಚುಚ್ಚಿಕೊಳ್ಳುವ ಅಭ್ಯಾಸವೇನಾದರೂ ಇದೆಯಾ?” ಎಂದು ಎರಡು ಸಲ ವಿಚಾರಿಸಿದ್ದರು. ಎರಡು ಸಲವೂ ಅವನು ಇಲ್ಲವೆಂದಿದ್ದ.

“ಅಂಗಿ ತೋಳು ಮಡಿಸ್ಲಾ, ಟೈಮಾಯ್ತು.”

“ನೀನೇನು ಸೊಳ್ಳೆನಾ, ಮೈಯೆಲ್ಲಾ ರಕ್ತ ಹುಡುಕ್ತೀಯಾ?” ತಿಲಕ್ ನಗಲು ನೋಡಿದ. ಅಷ್ಟರಲ್ಲಿ ಅವಳೇ ಅಂಗಿಯ ತೋಳನ್ನು ಮೇಲೇರಿಸಿದ್ದಳು.

ಮೊಣಕೈ ಮಡಿಕೆಯ ನರ ಹುರಿಯಂತೆ ಗಟ್ಟಿಯಾಗಿತ್ತು. ಅದರುದ್ದಕ್ಕೂ ಕಪ್ಪು ಚುಕ್ಕೆಗಳು; ಎರಡು ಇನ್ನೂ ಹಸಿ. ತಿಲಕ್ ಎಡಚ; ಅವನು ತಾನೇ ಚುಚ್ಚಿಕೊಂಡರೆ ಅದು ಬಲತೋಳಿಗೇ. ಇಷ್ಟು ದಿನ ಅವಳು ರಕ್ತ ತೆಗೆದದ್ದು ಅವನು ತಾನಾಗಿ ಚಾಚಿದ ಎಡಗೈಯಿಂದಲೇ.

“ಏನ್ಲಾ ಇದು?”

“ಡಬಲ್ ಶಿಫ್ಟು ಕಣಕ್ಕ. ಮಿಷಿನ್ ಮುಂದೆ ತೂಕಡಿಸಿದ್ರೆ ಬೆರಳು ಹೋಯ್ತದೆ. ನಿದ್ದೆ ಬರ್ದಂಗೆ ಒಂದು ಪುಡಿ ಸಿಗ್ತದೆ. ಮೊದ್ಲು ನುಂಗಿದ್ರೆ ಸಾಕಾಗ್ತಿತ್ತು…”

“ಸೂಜಿ?”

“ಶಿಫ್ಟ್‌ನಾಗೆ ಜೊತೆಗಿರೋ ಮೂರು ಜನಕ್ಕೂ ಒಂದೇ.”

ಸುಧಾಳ ಬೆರಳುಗಳ ನಡುವೆ ಸ್ಪಿರಿಟ್ಟಿನ ಹತ್ತಿ ಒಣಗಿತು. ಸೂಜಿಯ ಜೊತೆ ಹೊಕ್ಕ ಕ್ರಿಮಿ ಹೃದಯದ ಕವಾಟಕ್ಕೆ ಅಂಟಿ ಅದನ್ನು ತಿನ್ನಬಲ್ಲದೆಂದು ಅವಳು ಓದಿದ್ದಳು. ತಾಯಿ ನುಂಗಿಸಿದ ಮಾತ್ರೆಗಳು ಆ ಕ್ರಿಮಿಯನ್ನು ಕೊಲ್ಲದೆ, ಶೀಶೆಯಲ್ಲಿ ಬೆಳೆಯದಂತೆ ಮಾತ್ರ ಮಾಡಿರಬಹುದು. ಶೀಶೆ ಸುಳ್ಳು ಹೇಳಿದರೆ ಡಾಕ್ಟರಿಗೆ ಉಳಿಯುವುದು ಇವನ ಮಾತೊಂದೇ.

“ಡಾಕ್ಟ್ರಮ್ಮಂಗೆ ನೀನೇ ಹೇಳ್ಲಾ.”

“ಬರೋ ತಿಂಗ್ಳು ಪರ್ಮನೆಂಟ್ ಮಾಡ್ತಾರಕ್ಕ. ಕಂಪ್ನಿಗೆ ಗೊತ್ತಾದ್ರೆ ಮುಗೀತು. ಅಮ್ಮಂಗಂತೂ… ನಿನ್ ಕಾಲಿಗೆ ಬೀಳ್ತೀನಿ.”

“ಜೀವ ಇದ್ರೆ ತಾನೆ ಪರ್ಮನೆಂಟು?”

ಬಾಗಿಲು ತಳ್ಳಿಕೊಂಡು ಆದಿಲಕ್ಷ್ಮಮ್ಮ ಬಂದರು, ಹಿಂದೆಯೇ ಡಾಕ್ಟರು. ತಿಲಕ್ ಕೈ ಸೆಳೆದುಕೊಳ್ಳಲು ನೋಡಿದ. ಸುಧಾ ಮಣಿಕಟ್ಟು ಬಿಡಲಿಲ್ಲ.

ತಾಯಿ ಬಾಗಿ ನೋಡಿದರು. “ಅಯ್ಯೋ ಕಂದಾ! ಸೂಜಿ ಹಿಡಿಯಾಕೆ ಬರ್ದೇ ಇರೋ ಯಾವ ನನ್ಮಗ ಹಿಂಗೆ ಚುಚ್ಚಿದ್ನೋ! ಅವ್ನ ಕೈ ಸೇದೋಗ!”

ತಿಲಕ್ ಕೈ ಎಳೆಯುವುದನ್ನು ಬಿಟ್ಟ.

“ನಾನೇ ಕಣಮ್ಮ,” ಎಂದ. ಆಮೇಲೆ ಡಾಕ್ಟರ ಕಡೆ ತಿರುಗಿ, “ಐದು ತಿಂಗ್ಳಿಂದ.”

ಡಾಕ್ಟರು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕುಳಿತರು. ಎಲ್ಲಿಂದಲೋ ಒಂದು ನೊಣ ಬಂದು ಆ ತೋಳಿನ ಮೇಲೆ ಕೂತಿತು. ಆದಿಲಕ್ಷ್ಮಮ್ಮ ಸೆರಗಿನಿಂದ ಅದನ್ನು ಓಡಿಸಿದರು. ನೊಣ ಹಾರಿಹೋದ ಮೇಲೂ ಸೆರಗು ಬೀಸುತ್ತಲೇ ಇತ್ತು.