ಬಿದ್ದವನಿಗೆ ಚಪ್ಪಾಳೆ

ಟ್ರೆಂಟ್ ಹೋಲ್ಕಂಬ್ ಎಸೆದ ಚೆಂಡು ಹದಿನೈದು ಗಜ ದಾಟಿ ಹೋದದ್ದನ್ನು ಕಂಡವರಿಗೆ ಬಿಯರ್ ಕುಡಿಸುತ್ತೇನೆ ಎಂದು ನಾರ್ಬರ್ಟ್ ಜಿಲಿನ್‌ಸ್ಕಿ ಸೆಪ್ಟೆಂಬರಿನಲ್ಲೇ ಸಾರಿದ್ದ. ಜನವರಿ ಬಂದರೂ ಒಬ್ಬನೂ ಬಿಯರ್ ಕೇಳಿಕೊಂಡು ಬಂದಿರಲಿಲ್ಲ. ಪಣ ಗೆದ್ದೆನೆಂಬ ಖುಷಿ ಅವನಿಗೆ ಚೂರೂ ಇರಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ಊರಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಐರನ್‌ಮೆನ್‌ನಲ್ಲಿ ಉಳಿದದ್ದೆಲ್ಲ ಇತ್ತು. ಗೋಡೆಯಂಥ ರಕ್ಷಣೆ ಇತ್ತು, ಜಿಂಕೆಯ ಹಾಗೆ ಓಡುವ ಹುಡುಗರಿದ್ದರು. ಇಲ್ಲದ್ದು ಆ ಹುಡುಗರಿಗೆ ಚೆಂಡು ಮುಟ್ಟಿಸುವ ಕೈ. ಕ್ವಾರ್ಟರ್‌ಬ್ಯಾಕ್ ಎಂದರೆ ಆಟದ ಚುಕ್ಕಾಣಿ ಹಿಡಿದವನು, ದೂರಕ್ಕೆ ಎಸೆಯಬೇಕಾದವನು. ಹೋಲ್ಕಂಬ್ ಮಾತ್ರ ದೋಣಿಯನ್ನು ದಡ ಬಿಡಿಸದ ಆಸಾಮಿ. ಪಕ್ಕದವನ ಕೈಗೆ ಚೆಂಡು ದಾಟಿಸಿ, ನಾಲ್ಕು ಗಜ ಗಿಟ್ಟಿಸಿ, ದೊಡ್ಡ ಸಾಧನೆ ಮಾಡಿದವನಂತೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಸೋತ ದಿನ ಗಾಳಿ ಜೋರಿತ್ತು ಎನ್ನುತ್ತಿದ್ದ, ಹುಲ್ಲು ಹೆಪ್ಪುಗಟ್ಟಿತ್ತು ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನನ್ನು ನಂಬಿಕೊಂಡು ಕಳೆದ ಮೂರು ವರ್ಷವೂ ತಂಡ ಪ್ಲೇಆಫ್‌ನ, ಅಂದರೆ ಸೋತವರು ಮನೆಗೆ ಹೋಗುವ ಕೊನೆಯ ಸುತ್ತಿನ, ಮೊದಲ ಪಂದ್ಯದಲ್ಲೇ ಮಣ್ಣು ಮುಕ್ಕಿತ್ತು.

ಊರಿನವರಿಗೇನು, ಮುಂದಿನ ವರ್ಷ ನೋಡೋಣ ಎಂದು ಮನೆಗೆ ಹೋಗುತ್ತಿದ್ದರು. ನಾರ್ಬರ್ಟ್‌ಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಅವನ ಅಣ್ಣ ಕ್ಯಾಸ್ ಮೂವತ್ತು ವರ್ಷ ಉಕ್ಕಿನ ಕುಲುಮೆಯ ಹೊಗೆ ಕುಡಿದು ಶ್ವಾಸಕೋಶ ಸುಟ್ಟುಕೊಂಡಿದ್ದ. ಮೂಗಿಗೆ ನಳಿಗೆ, ಕಾಲ ಬಳಿ ಆಮ್ಲಜನಕದ ಸಿಲಿಂಡರು. ಇನ್ನೊಂದು ಚಳಿಗಾಲದ ಮಾತು ಬೇಡ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು. ಕ್ರೀಡಾಂಗಣದಲ್ಲಿ ಅಪ್ಪ ಬಿಟ್ಟುಹೋದ ಎರಡು ಸೀಟುಗಳಲ್ಲಿ ಅಣ್ಣತಮ್ಮ ಅಕ್ಕಪಕ್ಕ ಕೂತು ಕೂದಲು ಹಣ್ಣು ಮಾಡಿಕೊಂಡಿದ್ದರು. ತಂಡ ಒಂದೇ ಒಂದು ಪ್ಲೇಆಫ್ ಪಂದ್ಯ ಗೆಲ್ಲುವುದನ್ನು ಕ್ಯಾಸ್ ಕಣ್ಣಾರೆ ನೋಡಬೇಕು. ನಾರ್ಬರ್ಟ್ ದೇವರಲ್ಲಿ ಬೇರೇನೂ ಕೇಳಿರಲಿಲ್ಲ.

ಈ ವರ್ಷದ ಪ್ಲೇಆಫ್ ಪಂದ್ಯವಿದ್ದ ಆ ಭಾನುವಾರ ಸರೋವರದ ಮೇಲಿಂದ ಬೀಸುವ ಗಾಳಿ ಕಿವಿ ಕತ್ತರಿಸುತ್ತಿತ್ತು. ಕೊನೆಯ ಕಾಲು ಭಾಗದ ಆಟ. ತಂಡ ನಾಲ್ಕು ಅಂಕ ಹಿಂದೆ. ಚೆಂಡು ಎದುರಾಳಿಗೆ ಹೋಗದಿರಲು ಹನ್ನೆರಡು ಗಜ ಬೇಕಿದ್ದಾಗ ಹೋಲ್ಕಂಬ್ ಮತ್ತೆ ಮೂರು ಗಜದ ಚೆಂಡು ಎಸೆದ.

"ನಾಯಿಗೆ ಬಿಸ್ಕತ್ತು ಹಾಕ್ತಿದೀಯೇನೋ? ದೂರ ಎಸಿಯೋ, ಹೇಡಿ!" ನಾರ್ಬರ್ಟ್ ಎದ್ದು ನಿಂತು ಅರಚಿದ.

"ಅವನ ಕೈಲಿ ಆಗೋದೇ ಅಷ್ಟು ಕಣೋ," ಎಂದ ಕ್ಯಾಸ್. "ಆಗೋದನ್ನ ಮಾಡ್ತಿದಾನೆ ಪಾಪ."

"ಆಗದಿದ್ರೆ ಬೆಂಚಲ್ಲಿ ಕೂರ್ಲಿ. ಮಿಲ್ಸಾಪ್‌ನ ಬಿಡ್ಲಿ. ಆ ಹುಡುಗ ಎಸೆದ್ರೆ ಚೆಂಡು ಕೆನಡಾಕ್ಕೆ ಹೋಗಿ ಬೀಳತ್ತೆ!"

"ನಾರ್ಬಿ, ಕೂತ್ಕೊಳ್ಳೋ ಮಾರಾಯ, ನಿನ್ನ ಬೆನ್ನು ನೋಡೋಕೆ ನಾನು ಟಿಕೆಟ್ ತಗೊಂಡಿಲ್ಲ," ಎಂದಳು ಹಿಂದಿನ ಸಾಲಿನ ಬರ್ನೀಸ್. ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಅವಳು ವರ್ಷಗಳಿಂದ ಅದೇ ಸೀಟಿನವಳು. ಕ್ಯಾಸ್ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ನಾರ್ಬರ್ಟ್‌ಗೆ ಹೋಲ್ಕಂಬ್‌ನ ಕತ್ತು ಹಿಸುಕಬೇಕೆನಿಸಿತು. ನಿಜವಾಗಿಯೂ ಅನಿಸಿತು.

ಚೆಂಡು ಮತ್ತೆ ಐರನ್‌ಮೆನ್ ಕೈಗೆ ಬಂದಾಗ ಆಟ ಇನ್ನೇನು ಮುಗಿಯುವುದರಲ್ಲಿತ್ತು. ಹೋಲ್ಕಂಬ್ ಹಿಂದೆ ಸರಿದ, ಚೆಂಡು ಹಿಡಿಯುವವರನ್ನು ಹುಡುಕಿದ, ಎಸೆಯಲಿಲ್ಲ. ಎದುರಾಳಿಗಳಿಬ್ಬರು ಅವನ ಕಾಲ ಮೇಲೆ ಬಿದ್ದರು. ಅವರು ಎದ್ದರು, ಅವನು ಏಳಲಿಲ್ಲ.

ಕ್ರೀಡಾಂಗಣದ ಸದ್ದಡಗಿತು. ಆಟಗಾರರು ಅಲ್ಲಲ್ಲೇ ಒಂದು ಮಂಡಿಯೂರಿದರು. ಬಿದ್ದವನು ನಮ್ಮವನಿರಲಿ, ಎದುರಾಳಿಯಿರಲಿ, ಅವನು ಏಳುವ ತನಕ ಬಾಯಿ ಬಿಡಕೂಡದು. ಎದ್ದು ಹೊರಟಾಗ, ಇಲ್ಲವೇ ಎತ್ತಿಕೊಂಡು ಹೋಗುವಾಗ, ಎಲ್ಲರೂ ಚಪ್ಪಾಳೆ ತಟ್ಟಬೇಕು. ಎಲ್ಲೂ ಬರೆದಿಟ್ಟ ಕಾನೂನಲ್ಲ. ಇವರಿಬ್ಬರಿಗೂ ಅಪ್ಪ ಇದೇ ಸೀಟುಗಳಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದ.

ನಾರ್ಬರ್ಟ್‌ನ ಕಣ್ಣು ಬಿದ್ದವನ ಮೇಲಿರಲಿಲ್ಲ. ಮೈದಾನದ ಅಂಚಿನಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಮಿಲ್ಸಾಪ್ ಹೆಲ್ಮೆಟ್ ಏರಿಸಿಕೊಳ್ಳುತ್ತಿದ್ದ. ಅದನ್ನು ಕಂಡದ್ದೇ ನಾರ್ಬರ್ಟ್ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ. ಮೊದಲು ಅವನೊಬ್ಬನೇ. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ನೋಡನೋಡುತ್ತ ಆ ಇಡೀ ಭಾಗ ಕೇಕೆ ಹಾಕತೊಡಗಿತು.

"ಅವನಿನ್ನೂ ಎದ್ದಿಲ್ಲ," ಎಂದ ಕ್ಯಾಸ್.

"ಮಿಲ್ಸಾಪ್ ಬರ್ತಿದಾನೆ ನೋಡು!"

"ನಾರ್ಬರ್ಟ್, ಅವನಿನ್ನೂ ಎದ್ದಿಲ್ಲ ಕಣೋ."

"ಏಳದಿದ್ರೆ ಪೀಡೆ ತೊಲಗ್ತು ಬಿಡು! ಎಲ್ಲಾ ನಿನಗೋಸ್ಕರಾನೇ ಕಣೋ!" ಎಂದ ನಾರ್ಬರ್ಟ್, ತಿರುಗಿಯೂ ನೋಡದೆ.

ಮಿಲ್ಸಾಪ್ ಬಂದ. ಮೊದಲ ಚೆಂಡು ಆಕಾಶಕ್ಕೆ ಹಾರಿ ಯಾರಿಗೂ ಸಿಗದೆ ಬಿತ್ತು. ಎರಡನೆಯದು ಐವತ್ತು ಗಜ ಹಾರಿತು. ಗಾಳಿಯನ್ನು ಸೀಳಿಕೊಂಡು ಹೋಗಿ, ಗೆರೆಯಾಚೆ ಓಡುತ್ತಿದ್ದ ಹುಡುಗನ ಅಂಗೈಗೆ ಇಳಿಯಿತು. ಗಡಿಯಾರ ಸೊನ್ನೆಗೆ ಬಂದು ನಿಂತಿತು. ಆರು ಅಂಕ ಬಂದು ಗೆದ್ದಾಗಿತ್ತು. ದೊಡ್ಡ ಗಂಡಸರು ಹಸುಗೂಸಿನ ಹಾಗೆ ಅಳುತ್ತಿದ್ದರು.

"ನೋಡಿದ್ಯಾ ಕ್ಯಾಸ್? ನೋಡಿದ್ಯಾ!" ಎಂದು ನಾರ್ಬರ್ಟ್ ಎರಡೂ ಕೈ ಚಾಚಿ ಪಕ್ಕಕ್ಕೆ ತಿರುಗಿದ. ಸೀಟಿನಲ್ಲಿ ಕಂಬಳಿ ಮಾತ್ರ ಇತ್ತು.

"ಆಗ್ಲೇ ಹೋದ," ಎಂದಳು ಬರ್ನೀಸ್. ಅವಳ ಮುಖದಲ್ಲಿ ಗೆದ್ದ ಕಳೆಯೇ ಇರಲಿಲ್ಲ. "ಜೊತೇಲಿ ಬರ್ತೀನಿ ಅಂದೆ. ಬೇಡ ಅಂದ."

"ಯಾವಾಗ ಹೋದ?"

"ನೀನು ಚಪ್ಪಾಳೆ ಹೊಡೀತಿದ್ಯಲ್ಲ, ಆವಾಗ."

ತಬ್ಬಿಕೊಳ್ಳಲು ಬರುವ ಅಪರಿಚಿತರನ್ನು ತಳ್ಳಿಕೊಂಡು ನಾರ್ಬರ್ಟ್ ಮೆಟ್ಟಿಲಿಳಿದ. ಸ್ಟ್ಯಾಂಡಿನ ಅಡಿಯ ಓಣಿಯಲ್ಲಿ, ಮುಚ್ಚಿದ ಸಾಸೇಜ್ ಅಂಗಡಿಯ ಪಕ್ಕದ ಬೆಂಚಿನಲ್ಲಿ, ಕ್ಯಾಸ್ ಗೋಡೆಗೆ ಮುಖ ಮಾಡಿ ಕೂತಿದ್ದ. ಸಿಲಿಂಡರು ಅವನ ಮೊಣಕಾಲುಗಳ ನಡುವೆ ಇತ್ತು. ತುಟಿ ನೀಲಿಗಟ್ಟಿತ್ತು.

"ಗೆದ್ವಿ, ಕ್ಯಾಸ್! ಐವತ್ತು ಗಜ! ನೀನು ಅದನ್ನ..." ನೋಡಬೇಕಿತ್ತು ಎನ್ನಲು ಹೊರಟವನು ಅಷ್ಟಕ್ಕೇ ನಿಲ್ಲಿಸಿ ಅಣ್ಣನ ನೀಲಿ ತುಟಿ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಈ ಸಲ ಅದನ್ನು ತಟ್ಟಿ ಬೀಳಿಸಿದ್ದು ಹೋಲ್ಕಂಬ್ ಅಲ್ಲ.

ಕ್ಯಾಸ್ ತಲೆಯೆತ್ತಿದ. ಅವನ ಕಣ್ಣಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾರ್ಬರ್ಟ್ ಹೇಗೋ ತಡೆದುಕೊಳ್ಳುತ್ತಿದ್ದ.

"ಆ ಹುಡುಗ ಎದ್ನಾ?" ಎಂದು ಕೇಳಿದ.

ನಾರ್ಬರ್ಟ್ ನೆನಪಿಸಿಕೊಳ್ಳಲು ನೋಡಿದ. ಹೋಲ್ಕಂಬ್ ಕುಂಟುತ್ತಾ ಹೋದನೋ, ಅವನನ್ನು ಗಾಡಿಯಲ್ಲಿ ಮಲಗಿಸಿ ಕರೆದೊಯ್ದರೋ? ಎದ್ದು ನಿಂತು ಅಷ್ಟು ಹೊತ್ತು ಚಪ್ಪಾಳೆ ತಟ್ಟಿದವನು ಅದನ್ನು ನೋಡಿಯೇ ಇರಲಿಲ್ಲ.

"ಗೊತ್ತಿಲ್ಲ," ಎಂದ.