ಅಂಡನಾಳದ ರೋಮಗಳು ಕದಲಿದ ಸಂಜೆ

ಸಂಜೆ ಐದಕ್ಕೆ ಮೈಕ್ರೋಸ್ಕೋಪು ಮೇಲಿನ ಮಹಡಿಯವರ ಪಾಲಾಗಲಿತ್ತು. ಆಗಲೇ ನಾಲ್ಕೂಕಾಲು. ಲ್ಯಾಬಿನ ಪುಟ್ಟಿಗೆ, ವಯಸ್ಸು ಮೂವತ್ತಾದರೂ ಎಲ್ಲರ ಬಾಯಲ್ಲೂ ಅವಳು ಪುಟ್ಟಿಯೇ, ಕೈಕಾಲೇ ಆಡುತ್ತಿರಲಿಲ್ಲ. ಅವಳು ನೋಡಬೇಕಾಗಿದ್ದಾದರೂ ಏನು? ಅಂಡನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಬೀಸುವುದನ್ನು, ಅಷ್ಟೇ. ಅಂಡಕ್ಕೆ ತಾನಾಗಿ ಒಂದು ಹೆಜ್ಜೆ ಇಡಲೂ ಬರುವುದಿಲ್ಲ. ಈ ರೋಮಗಳು ಬೀಸಿ ಬೀಸಿ ಅದನ್ನು ಗರ್ಭಕೋಶದ ಕಡೆ ಸಾಗಿಸಬೇಕು. ಆದರೆ ಹಿಂದೆ ನೋಡಿದ ಅಂಡನಾಳದ ಮೂರು ತುಣುಕುಗಳಲ್ಲೂ ಅವು ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. "ಇವತ್ತೂ ಕದಲದಿದ್ರೆ ಈ ಕೆಲಸ ನಿಲ್ಲಿಸಿಬಿಡು" ಎಂದು ಪ್ರೊಫೆಸರಮ್ಮ ಬೆಳಗ್ಗೆಯೇ ಖಂಡಿತವಾಗಿ ಹೇಳಿದ್ದರು.

ನಾಲ್ಕನೆಯ ತುಣುಕು ಆಗಷ್ಟೇ ಆಪರೇಷನ್ ಥಿಯೇಟರಿನಿಂದ ಬಂದಿತ್ತು. ರೋಗಿ ಒಪ್ಪಿ ಕೊಟ್ಟದ್ದು, ತಂದವಳು ನರ್ಸಕ್ಕ. ಗರ್ಭಕೋಶದ ಕಡೆಯ ಅಂಚಿಗೆ ಸರ್ಜನ್ ಗುರುತಿನ ದಾರ ಹಾಕಿದ್ದರು. ಪುಟ್ಟಿ ಎಂದಿನಂತೆ ಫ್ರಿಜ್ಜಿನಿಂದ ಉಪ್ಪುನೀರು ತೆಗೆದು ತಟ್ಟೆಗೆ ಸುರಿದು ನೋಡಿದಳು. ಊಹೂಂ! ರಕ್ತನಿಧಿಯಲ್ಲಿ ಆರು ವರ್ಷ ದುಡಿದವಳು. ಏನೇ ಬಂದರೂ ಮೊದಲು ತಣ್ಣಗಿಡುವುದು ಅವಳಿಗೆ ಅಂಟಿದ ಚಾಳಿ.

ನರ್ಸಕ್ಕ ತಟ್ಟೆ ಮುಟ್ಟಿದವಳೇ ಬೆರಳು ಹಿಂದೆಗೆದಳು. "ಅಯ್ಯೋ, ಹೀಗೆ ಕೊರೀತಿದೆಯಲ್ಲೇ! ಹೊಟ್ಟೆಯೊಳಗೆ ಇಷ್ಟು ಚಳಿ ಇರುತ್ತೇನೇ?"

ಪುಟ್ಟಿ ಹಣೆ ಚಚ್ಚಿಕೊಂಡಳು. "ನನ್ ಬುದ್ಧಿಗಿಷ್ಟು ಬೆಂಕಿ ಹಾಕ! ಮೂರು ಸಲಾನೂ ಇದೇ ಮಾಡಿದೀನಿ ಅಕ್ಕಾ!"

ಬಿಸಿನೀರು ಬಂತು, ಬೋಗುಣಿ ಬಂತು, ಥರ್ಮಾಮೀಟರು ಬಂತು. ಉಪ್ಪುನೀರಿನ ಬಾಟಲಿಯನ್ನು ಬೋಗುಣಿಯ ಬಿಸಿನೀರಿನಲ್ಲಿಟ್ಟು, ಪಾದರಸ ಮೂವತ್ತೇಳಕ್ಕೆ ಏರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತರು. ತಟ್ಟೆಗೆ ಬೆಚ್ಚನೆಯ ನೀರು ಬಿತ್ತು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಆಮೇಲೆ ಒಂದು ಮೂಲೆ ನಡುಗಿತು, ಪಕ್ಕದ್ದು ನಡುಗಿತು, ನೋಡನೋಡುತ್ತ ಇಡೀ ಅಂಚು ಗಾಳಿಗೆ ಸಿಕ್ಕ ಪೈರಿನಂತೆ ಅಲೆ ಅಲೆಯಾಗಿ ಬೀಸತೊಡಗಿತು!

"ಬೀಸ್ತಿವೆ! ಅಕ್ಕಾ, ಬೀಸ್ತಿವೆ ಕಣೇ!"

ರೋಮಗಳು ಯಾವ ಕಡೆಗೆ ತಳ್ಳುತ್ತವೆಂದು ನೋಡಲು ಅವಳು ಚಿಟಿಕೆ ಇದ್ದಿಲಪುಡಿ ಉದುರಿಸಿದಳು. ಕಪ್ಪು ಕಣಗಳು ಒಂದರ ಹಿಂದೆ ಒಂದು, ದಾರಿ ಗೊತ್ತಿದ್ದವರ ಹಾಗೆ, ದಾರವಿದ್ದ ಅಂಚಿನತ್ತಲೇ ಹೊರಟವು. ಖುಷಿಗೆ ಅವಳ ಕಣ್ಣು ತುಂಬಿ ಮುಂದಿನದು ಕಾಣದಾಯಿತು.

ಐದಕ್ಕೆ ಸರಿಯಾಗಿ ಪ್ರೊಫೆಸರಮ್ಮ, ಮೈಕ್ರೋಸ್ಕೋಪು ಹೊರಲು ಬಂದ ಇಬ್ಬರೊಂದಿಗೆ ಒಳಗೆ ಕಾಲಿಟ್ಟರು. ಪುಟ್ಟಿ ಸ್ಟೂಲು ಬಿಟ್ಟೆದ್ದಳು. ಅವರು ಬಗ್ಗಿ ನೋಡಿದರು. ನೋಡಿದರು, ನೋಡುತ್ತಲೇ ಇದ್ದರು.

"ಮೇಡಂ, ತಗೊಂಡ್ ಹೋಗ್ಬಹುದಾ?" ಎಂದು ಬಂದವನೊಬ್ಬ ಕೆಮ್ಮಿದ.

"ಸುಮ್ನಿರಪ್ಪಾ," ಎಂದರು ಅವರು, ಕಣ್ಣು ತೆಗೆಯದೆ. "ಮೂವತ್ತು ವರ್ಷ ಇದರ ಪಾಠ ಮಾಡಿದೀನಿ. ಜೀವಂತವಾಗಿ ನೋಡ್ತಿರೋದು ಇವತ್ತೇ."