ನೆಟ್ಟ ಚಮಚ

ನನ್ನ ಟೀಚರ್ ಕೆಲಸಕ್ಕೋಸ್ಕರ ಅಮ್ಮ ನನ್ನ ಅಣ್ಣನನ್ನು ಸಾಯಿಸಿದಳು. ಸುತ್ತಿ ಬಳಸಿ ಹೇಳಿದರೆ ನನಗೇ ನಾಚಿಕೆ, ಅದಕ್ಕೆ ನೇರವಾಗಿ ಹೇಳುತ್ತಿದ್ದೇನೆ.

ಅಣ್ಣ ಇನ್‌ಸೋಪ್ ಮನೆ ಬಿಟ್ಟಾಗ ಅವನಿಗೆ ಹತ್ತೊಂಬತ್ತು, ನನಗೆ ನಾಲ್ಕು. ದಕ್ಷಿಣದ ನಮಗೂ ಉತ್ತರದವರಿಗೂ ನಡೆದ ಯುದ್ಧದ ಮೊದಲ ವರ್ಷ ಉತ್ತರದ ಕಮ್ಯುನಿಸ್ಟ್ ಸೇನೆ ನಮ್ಮೂರು ಯೋಂಗ್‌ವೊಲ್‌ನಿಂದ ಹಿಂದೆ ಸರಿಯುವಾಗ ಅವರ ಜೊತೆ ಹೋದ. ತಾನಾಗಿ ಹೋದನೋ, ಎಳೆದುಕೊಂಡು ಹೋದರೋ, ಯಾರಿಗೆ ಗೊತ್ತು? ಹಾಗೆ ಹೋದವರ ಮನೆಯವರನ್ನೆಲ್ಲ ಕೆಂಪು ಮಂದಿ ಎಂದು ಪೊಲೀಸರು ಪಟ್ಟಿಗೆ ಸೇರಿಸುತ್ತಿದ್ದರು. ಅಪ್ಪ ಮೊದಲೇ ತೀರಿಕೊಂಡಿದ್ದ. ಅಮ್ಮ ಒಬ್ಬಳೇ ಠಾಣೆಗೆ ಹೋಗಿ, “ದಾರೀಲಿ ಬಾಂಬ್ ಬಿದ್ದು ಸತ್ತ” ಎಂದು ಬರೆಸಿ ಬಂದಳು.

ಮನೆಯಲ್ಲಿ ಮಾತ್ರ ದಿನಾ ಅವನ ಪಾಲಿನ ಅನ್ನವನ್ನು ಕಂಚಿನ ಬಟ್ಟಲಿಗೆ ತುಂಬಿ, ಮುಚ್ಚಿ, ನೆಲ ಚೆನ್ನಾಗಿ ಕಾಯುವ ಒಲೆ ಕಡೆಯ ಮೂಲೆಯಲ್ಲಿ ಕೌದಿಯಡಿ ಇಡುತ್ತಿದ್ದಳು. ಪಕ್ಕದಲ್ಲಿ ಚಮಚ ಮಲಗಿರುತ್ತಿತ್ತು. ಮನೆಗೆ ಬರಬೇಕಾದವರಿಗೆ ನಾವು ಅನ್ನ ಬೆಚ್ಚಗಿಡುವುದು ಹಾಗೆ. ಸತ್ತವರಿಗೆ ಎಡೆಯಿಟ್ಟರೆ ಚಮಚವನ್ನು ಅನ್ನದಲ್ಲಿ ನೆಟ್ಟಗೆ ನೆಡುತ್ತೇವೆ.

ಅರವತ್ತೆಂಟನೇ ಇಸವಿಯಲ್ಲಿ ನನ್ನ ಟೀಚರ್ ತರಬೇತಿ ಮುಗಿಯಿತು. ಕೆಲಸ ಸಿಗಲು ಪೊಲೀಸರ ಒಪ್ಪಿಗೆ ಬೇಕು. ಆ ಜನವರಿಯಲ್ಲಷ್ಟೇ ಉತ್ತರದ ಸೈನಿಕರು ರಾಜಧಾನಿ ಸೋಲ್‌ವರೆಗೂ ನುಗ್ಗಿದ್ದರು, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಒಂದು ಮಧ್ಯಾಹ್ನ ಗುಪ್ತ ಪೊಲೀಸಿನ ಪ್ಯೋ ವಿಚಾರಣೆಗೆ ಬಂದ. ನಮ್ಮೂರಿನವನೇ, ಮಾತೆಲ್ಲ ಬೆಣ್ಣೆ. ಕೂರಲು ಕೌದಿ ಸರಿಸಿದ. ಬಟ್ಟಲು ಅವನ ಕೈಗೆ ತಗುಲಿತು.

“ಏನಮ್ಮಾ ಇದು, ಬೆಚ್ಚಗಿದೆ! ಯಾರಿಗೆ?”

“ನಂಗೇ ಸಾಹೇಬ್ರೇ. ಆಮೇಲೆ ಉಣ್ಣೋಣ ಅಂತ.”

“ನಿಮ್ಮ ಬಟ್ಟಲು ಅಲ್ಲಿ ತೊಳೆದು ಬೋರಲು ಹಾಕಿದೀರಲ್ಲ.” ಅವನು ನಕ್ಕ. “ನಾನು ಸೈನ್ಯದಲ್ಲಿದ್ದಾಗ ನಮ್ಮಮ್ಮನೂ ಹಿಂಗೇ ಇಡ್ತಿದ್ಲು. ಸತ್ತೋನಿಗೆ ಯಾರೂ ಅನ್ನ ಬೆಚ್ಚಗಿಡಲ್ಲ. ಮಗ ಯಾವಾಗ ಬರ್ತಾನೆ? ಇಲ್ಲಾ, ಆಗ್ಲೇ ಬಂದು ಹೋದ್ನಾ?”



“ಅಯ್ಯೋ, ಸತ್ತ ಅಂತ ನಾನೇ ಬರೆಸಿದೀನಲ್ಲ!” ಎಂದಳು ಅಮ್ಮ.

“ಹಂಗಾದ್ರೆ ಚಮಚ ನೆಡಿ. ನಾನು ನೋಡಿ ಬರ್ಕೊಂಡು ಹೋಗ್ತೀನಿ. ಸೋಮವಾರದಿಂದ ನಿಮ್ಮ ಹುಡುಗಿ ಮೇಡಮ್ಮು.”

ಅಮ್ಮ ನನ್ನ ಮುಖ ನೋಡಿದಳು. “ಇಲ್ಲ” ಎನ್ನಲು ಒಂದೇ ಒಂದು ಸಲ ಅವಕಾಶವಿತ್ತು ನನಗೆ.

“ನೆಡಮ್ಮಾ,” ಎಂದೆ. “ಬರೀ ಅನ್ನ ತಾನೇ.”

ಅಮ್ಮ ಮುಚ್ಚಳ ತೆಗೆದಳು. ಹಬೆಯಾಡುವ ಅನ್ನದ ನಡುಮಧ್ಯಕ್ಕೆ ಚಮಚ ನೆಟ್ಟಳು. ಆಮೇಲೆ, “ಹೊರಗೆ ಬನ್ನಿ ಸಾಹೇಬ್ರೇ. ಅವನು ಉಣ್ಣಲಿ,” ಎಂದು ಬಾಗಿಲು ಮುಚ್ಚಿದಳು. ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾಯಬೇಕು. ಒಳಗೆ ಹೋಗುವ ಮುಂಚೆ ಮೂರು ಸಲ ಕೆಮ್ಮಬೇಕು, ಉಣ್ಣುತ್ತಿರುವ ಸತ್ತವರು ಬೆಚ್ಚಿಬೀಳಬಾರದಲ್ಲ. ಪ್ಯೋ ಕೂಡ ನಮ್ಮ ಜೊತೆ ಕೈಕಟ್ಟಿ ನಿಂತ.

ಒಳಗೆ ಕಂಚು ಟಿಣ್ ಎಂದಿತು.

ಪ್ಯೋನ ಮುಖ ಬಿಳುಚಿಕೊಂಡಿತು. “ಇಲಿ ಇರ್ಬೇಕು,” ಎಂದ. ಅಮ್ಮ ಮೂರು ಸಲ ಕೆಮ್ಮಿದಳು.

ಅಂದಿನಿಂದ ಬೆಚ್ಚಗಿಡುವ ಬಟ್ಟಲು ನಿಂತುಹೋಯಿತು. ಸತ್ತ ದಿನ ಗೊತ್ತಿಲ್ಲದವರಿಗೆಂದು ಇರುವ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಅಣ್ಣನಿಗೆ ಎಡೆ. ನಾನು ಶಾಲೆಯಲ್ಲಿ ಮಕ್ಕಳ ಬಾಯಲ್ಲಿ “ಕೆಂಪು ರಾಕ್ಷಸರನ್ನು ಹೊಡೆದೋಡಿಸೋಣ” ಎಂದು ಕೂಗಿಸಿ, ಮನೆಗೆ ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಆ ಟಿಣ್ ಸದ್ದು ಕೇಳಿಸುತ್ತಿತ್ತು. ದೇವರಾಣೆಗೂ, ಪ್ರತಿ ವರ್ಷ ಕೇಳಿಸುತ್ತಿತ್ತು.

“ಈ ಸಲ ಹೊಟ್ಟೆ ತುಂಬ ಉಂಡ ಕಣೇ,” ಎನ್ನುತ್ತಿದ್ದಳು ಅಮ್ಮ. “ಪಾಪ, ಎಷ್ಟು ಸೊರಗಿದಾನೆ.”

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ರೆಡ್‌ಕ್ರಾಸ್‌ನಿಂದ ಫೋನ್ ಬಂತು. ಅಗಲಿದ ಮನೆಯವರನ್ನು ನೋಡಲು ಉತ್ತರದಿಂದ ಬರುವವರ ಪಟ್ಟಿಯಲ್ಲಿ ಅಣ್ಣನ ಹೆಸರಿತ್ತು. ಅಪ್ಪನ ಹೆಸರು, ಊರು, ಎಡಗಿವಿಯ ಸುಟ್ಟ ಕಲೆ, ಎಲ್ಲ ಸರಿಯಾಗಿತ್ತು.

“ಅಮ್ಮಾ, ಇನ್‌ಸೋಪಣ್ಣ ಬದುಕಿದಾನೆ!”

ಎಂಬತ್ತೆಂಟು ವರ್ಷದ ಅಮ್ಮ ನನ್ನ ಕಡೆ ತಿರುಗಿದಳು. “ಹಂಗಾದ್ರೆ ಮೂವತ್ತೆರಡು ವರ್ಷದಿಂದ ನಮ್ಮನೇಲಿ ಉಂಡು ಹೋಗ್ತಿರೋನು ಯಾರೇ?”



ಸೋಲ್‌ನ ಹೋಟೆಲೊಂದರ ಕೋಣೆಯಲ್ಲಿ ಭೇಟಿ. ಅಣ್ಣ ಒಳಗೆ ಕಾಯುತ್ತಿದ್ದ. ನಮ್ಮನ್ನು ಕರೆತಂದ ರೆಡ್‌ಕ್ರಾಸ್ ಹುಡುಗಿ ಬಾಗಿಲ ಹಿಡಿಗೆ ಕೈ ಹಾಕಿದಳು. ಅಮ್ಮ ಆ ಕೈ ಹಿಡಿದು ತಡೆದಳು. ತುಟಿಯಲ್ಲೇ ಒಂದು, ಎರಡು ಎಂದು ಎಣಿಸುವುದು ಕಂಡಿತು. ಒಂಬತ್ತಾಯಿತು. ಬೇಡಮ್ಮ ಎನ್ನಬೇಕಿತ್ತು, ಈ ಸಲವೂ ನನಗೆ ಆಗಲಿಲ್ಲ.

ಅಮ್ಮ ಮೂರು ಸಲ ಕೆಮ್ಮಿದಳು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ನಮ್ಮ ಯೋಂಗ್‌ವೊಲ್ ಕಡೆಯ ಅದೇ ರಾಗದಲ್ಲಿ ಮುದುಕನೊಬ್ಬನ ದನಿ ಕೇಳಿತು.

“ಕೆಮ್ಮಬೇಡಮ್ಮಾ. ನಾನಿನ್ನೂ ಉಂಡೇ ಇಲ್ಲ.”